ಹೊಸತೊಡಕಿಗೆ ಟೇಬಲ್ ಎಲ್ಲಿ ಹಾಕೋಣ?

ಪ್ರಿಯ ಓದುಗರೆ,

ಯುಗಾದಿ ಕಾರ್ಯಕ್ರಮದ ಸಿದ್ಧತೆಗೆ ಕಳೆದ ತಿಂಗಳು ಬ್ರಿಟನ್ನಿನ ನಮ್ಮ ಕನ್ನಡ ಸಂಘದ ಸಮಿತಿ ಸೇರಿತ್ತು. ಹಾಲ್ ಬಾಡಿಗೆ, ಮೈಕು, ಮಕ್ಕಳ ಕುಣಿತ ಎಲ್ಲ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಒಬ್ಬಟ್ಟು ಬೇಳೆಯದೋ ಕಾಯಿಯದೋ ಎನ್ನುವುದಕ್ಕೆ ಇನ್ನೊಂದು ಹತ್ತು ನಿಮಿಷ. ಆಮೇಲೆ ಹೊಸದಾಗಿ ಸಮಿತಿಗೆ ಬಂದ ಒಬ್ಬರು ಮೆಲ್ಲಗೆ ಬಾಯಿಬಿಟ್ಟರು. ಚನ್ನಪಟ್ಟಣದ ಕಡೆಯವರು. "ನಾವು ಸೇರೋದು ಹೇಗೂ ಹಬ್ಬ ಮುಗಿದ ಮೇಲಿನ ಶನಿವಾರ ಅಲ್ವಾ? ನಮ್ಮ ಕಡೆ ಹಬ್ಬದ ಮಾರನೇ ದಿನ ಹೊಸತೊಡಕು ಮಾಡ್ತೀವಿ. ಈ ಸಲ ಒಂದು ಕೋಳಿ ಸಾರು ಇಟ್ಕೊಳ್ಳೋಣವಾ?"

ಯಾರೂ ಉಸಿರೆತ್ತಲಿಲ್ಲ. ಒಬ್ಬರು ಫೋನ್ ನೋಡಿಕೊಂಡರು. ಇನ್ನೊಬ್ಬರು "ನಮ್ಮ ಸಂಘದಲ್ಲಿ ಆ ಪದ್ಧತಿ ಇಲ್ಲ ಸಾರ್" ಎಂದರು. "ಹಬ್ಬದ ಕಾರ್ಯಕ್ರಮ, ನಮ್ಮ ಸಂಸ್ಕೃತಿ ಅಂತ ಒಂದಿದೆ" ಎಂದರು ಮೂರನೆಯವರು. ಕೇಳಿದವರು ನಕ್ಕು, "ಸುಮ್ನೆ ಕೇಳಿದೆ, ಬಿಡಿ" ಎಂದುಬಿಟ್ಟರು. ಸಭೆಯ ನಡಾವಳಿ ಬರೆಯುತ್ತಿದ್ದವಳು ನಾನೇ. "ಮುಂದಿನ ಸಭೆಗೆ ಬಿಡಲಾಗಿದೆ" ಎಂದು ಬರೆದೆ. ನಾನೂ ಏನೂ ಮಾತಾಡಲಿಲ್ಲ. ಆದರೆ ಆ "ಬಿಡಿ" ಮನೆಯವರೆಗೂ ಹಿಂದೆಯೇ ಬಂತು.

ಹಳೇ ಮೈಸೂರಿನ ಸೀಮೆಯವರಿಗೆ ಹೊಸತೊಡಕು ಏನೆಂದು ಹೇಳಬೇಕಿಲ್ಲ. ಉಳಿದವರಿಗಾಗಿ ಎರಡು ಮಾತು. ಯುಗಾದಿಯ ದಿನ ಬೇವು ಬೆಲ್ಲ, ಒಬ್ಬಟ್ಟು. ಮರುದಿನ ಬಾಡೂಟ. ಹಳ್ಳಿಗಳಲ್ಲಿ ಕೆಲವು ಮನೆಯವರು ಸೇರಿ ಕುರಿ ಕೊಯ್ದು, ಮಾಂಸವನ್ನು ಸಮನಾಗಿ ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ. ಗುಡ್ಡೆ ಬಾಡು ಎನ್ನುವುದು ಅದಕ್ಕೇ. ಬೆಂಗಳೂರಿನ ಮೈಸೂರು ರಸ್ತೆಯ ಮಟನ್ ಅಂಗಡಿಗಳ ಮುಂದೆ ಆ ದಿನ ಬೆಳಕು ಹರಿಯುವ ಮೊದಲೇ ಸಾಲು ನಿಂತಿರುತ್ತದೆ. ಇದು ಹಬ್ಬ ಕೆಡಿಸುವ ಕೆಲಸವಲ್ಲ, ಹಬ್ಬದ ಎರಡನೆಯ ದಿನ ಅಷ್ಟೆ. ನಮ್ಮ ಸಂಘ ಇಷ್ಟು ವರ್ಷ ಯುಗಾದಿ ಮಾಡಿದೆ. ಎರಡನೆಯ ದಿನ ಒಂದಿದೆ ಎಂದು ಒಮ್ಮೆಯೂ ಹೇಳಿಲ್ಲ.

ನನ್ನ ಕಥೆ ಹೇಳುತ್ತೇನೆ. ನಾನು ಬೆಳೆದದ್ದು ಮೈಸೂರಿನಲ್ಲಿ, ಈರುಳ್ಳಿಗೂ ವಾರ ತಿಥಿ ನೋಡುವ ಮನೆಯಲ್ಲಿ. "ಮಾಂಸ ತಿನ್ನುವವರು ಕೆಟ್ಟವರು" ಎಂದು ನಮ್ಮ ಮನೆಯಲ್ಲಿ ಯಾರೂ ಒಂದು ದಿನವೂ ಹೇಳಲಿಲ್ಲ. ಹೇಳುವ ಅಗತ್ಯವೇ ಬೀಳಲಿಲ್ಲ. ಬೀದಿಯಲ್ಲಿ ಮೀನು ಮಾರುವವಳ ಕೂಗು ಕೇಳಿದರೆ ಅಜ್ಜಿ ಕಿಟಕಿ ಹಾಕುತ್ತಿದ್ದರು. ಸೆರಗು ಮೂಗಿಗೆ ಹೋಗುತ್ತಿತ್ತು. ಅಷ್ಟೇ ಪಾಠ.

ಶಾಲೆಯಲ್ಲಿ ನನ್ನ ಬೆಂಚಿನ ಗೆಳತಿಯ ಮನೆಗೆ ಹೋಗುತ್ತಿದ್ದೆ. "ಆಟ ಆಡ್ಕೊಂಡು ಬಾ, ಏನೂ ತಿನ್ಬೇಡ" ಎಂದು ಅಮ್ಮ ಹೇಳಿ ಕಳಿಸುತ್ತಿದ್ದರು. ಆ ಮನೆಯಲ್ಲಿ ಗೆಳತಿಯ ತಾಯಿ ನನಗೆ ಕೊಡುತ್ತಿದ್ದದ್ದು ಬಾಳೆಹಣ್ಣು, ಇಲ್ಲವೇ ಒಡೆಯದ ಬಿಸ್ಕತ್ ಪ್ಯಾಕೆಟ್ಟು. ತನ್ನ ಮಗಳಿಗೆ ತಟ್ಟೆಯಲ್ಲಿ ಉಪ್ಪಿಟ್ಟು, ನನಗೆ ಪ್ಯಾಕೆಟ್ಟು. "ನೀನು ನಮ್ಮನೇದು ತಿನ್ನಲ್ಲ ಅಲ್ವಾ ಮಗಾ" ಎಂದು ಅವರೇ ಹೇಳುತ್ತಿದ್ದರು. ಬೇಸರದಿಂದಲ್ಲ, ಉಪಚಾರದ ದನಿಯಲ್ಲಿ. ಉಪ್ಪಿಟ್ಟಿನಲ್ಲಿ ರವೆ, ಸಾಸಿವೆ, ಕರಿಬೇವು ಬಿಟ್ಟು ಇನ್ನೇನಿರುತ್ತದೆ? ಆ ಪ್ರಶ್ನೆ ನನಗೂ ಹೊಳೆಯಲಿಲ್ಲ, ಅವರಿಗೂ ಹೊಳೆಯಲಿಲ್ಲ. ನಮ್ಮಿಬ್ಬರಿಗೂ ಊರು ಒಂದೇ ಪಾಠ ಹೇಳಿಕೊಟ್ಟಿತ್ತು. ನನಗೆ ದೂರ ಇಡುವುದು, ಅವರಿಗೆ ದೂರ ನಿಲ್ಲುವುದು.

ಅವಳು ನಮ್ಮ ಮನೆಗೆ ಬಂದರೆ ಕಾಫಿ ಕುಡಿದ ಲೋಟ ಹಿತ್ತಲಿನ ನಲ್ಲಿಯ ಹತ್ತಿರ ಬೇರೆಯಾಗಿ ಕೂರುತ್ತಿತ್ತು. ಅಲ್ಲಿಗೆ ಒಯ್ದು ಇಡುತ್ತಿದ್ದವಳು ನಾನೇ. ಯಾರೂ ಇಡು ಎಂದು ಹೇಳಿರಲಿಲ್ಲ.

ನಮ್ಮ ಮಾತನ್ನೇ ನೋಡಿ. ಮದುವೆ ಮನೆಯಲ್ಲೋ ರೈಲಿನಲ್ಲೋ ಪರಿಚಯವಾದವರು "ನೀವು ತಿಂತೀರಾ?" ಎಂದು ಕೇಳುತ್ತಾರೆ. ಏನನ್ನು ಎಂದು ಯಾರೂ ಹೇಳುವುದಿಲ್ಲ. ಕನ್ನಡದವರಿಗೆ ಎಲ್ಲರಿಗೂ ಗೊತ್ತು. ಹೆಸರೆತ್ತಲು ಕೂಡ ನಾಲಿಗೆ ಹಿಂಜರಿಯುತ್ತದೆ ಎಂದರೆ ಅದೆಷ್ಟು ಒಳಗೆ ಇಳಿದಿರಬೇಕು. ಇನ್ನು ಬೋರ್ಡುಗಳ ಮೇಲಿನ "ಶುದ್ಧ ಸಸ್ಯಾಹಾರಿ". ಒಂದು ಕಡೆಯನ್ನು ಶುದ್ಧ ಎಂದ ಮೇಲೆ ಇನ್ನೊಂದು ಕಡೆಗೆ ಹೆಸರಿಡುವ ಕೆಲಸ ಉಳಿಯುವುದಿಲ್ಲ. "ಮಾಂಸಾಹಾರಿ" ಎನ್ನುವುದೂ ವಿಚಿತ್ರವೇ. ವಾರದ ಆರು ದಿನ ಮುದ್ದೆ, ಸೊಪ್ಪಿನ ಸಾರು, ಅವರೆಕಾಳು ಉಂಡು ಭಾನುವಾರ ಒಂದು ಹೊತ್ತು ಬಾಡು ಮಾಡುವವರನ್ನು ಆ ಒಂದು ಹೊತ್ತಿನ ಹೆಸರಿನಿಂದಲೇ ಕರೆಯುತ್ತೇವೆ.

ಇಷ್ಟಕ್ಕೂ ಕರ್ನಾಟಕದಲ್ಲಿ ತಿನ್ನದವರು ಎಷ್ಟು ಮಂದಿ? 2014ರಲ್ಲಿ ಕೇಂದ್ರ ಸರ್ಕಾರದ ಮಾದರಿ ನೋಂದಣಿ ಸಮೀಕ್ಷೆ ಲೆಕ್ಕ ಹಾಕಿತ್ತು. ನೂರಕ್ಕೆ ಸುಮಾರು 21. ಉಳಿದ 79 ಮಂದಿ ತಿನ್ನುವವರು. ಐವರು ಕನ್ನಡಿಗರಲ್ಲಿ ನಾಲ್ವರು. ಆದರೂ ವಿದೇಶದ ಕನ್ನಡ ಸಂಘದ ವೇದಿಕೆಯಲ್ಲಿ "ಕನ್ನಡಿಗರ ಊಟ" ಎಂದರೆ ಬಿಸಿಬೇಳೆ ಬಾತು, ಪುಳಿಯೋಗರೆ, ಕೋಸಂಬರಿ. ಕೊಡಗಿನ ಪಂದಿ ಕರಿ, ಕರಾವಳಿಯ ಮೀನು ಗಸಿ, ಮಂಡ್ಯದ ನಾಟಿ ಕೋಳಿ ಸಾರು ನಮ್ಮ ಸ್ಮರಣ ಸಂಚಿಕೆಯ ಬಣ್ಣದ ಪುಟಗಳಲ್ಲಿ ಬಂದದ್ದಿಲ್ಲ. ಬೇಡ ಎಂದು ಯಾರೂ ಠರಾವು ಮಾಡಿಲ್ಲ. ಪಟ್ಟಿ ಮಾಡುತ್ತಿದ್ದವರು ನಾವು, ಆ ಐವರಲ್ಲಿ ತಿನ್ನದ ಒಬ್ಬರು, ಅಷ್ಟೆ.

ಇದು ಪರದೇಶದ ರೋಗ ಮಾತ್ರ ಎಂದುಕೊಳ್ಳಬೇಡಿ. 2024ರ ಡಿಸೆಂಬರಿನಲ್ಲಿ 87ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದು ಮಂಡ್ಯದಲ್ಲಿ. ಬಾಡೂಟಕ್ಕೆ ಹೆಸರಾದ ಊರು. ಅಲ್ಲಿ ಏನೇನು ನಿಷೇಧ ಎಂದು ಹೇಳುವಾಗ ಮದ್ಯ, ತಂಬಾಕಿನ ಜೊತೆಗೆ ಮಾಂಸಾಹಾರವನ್ನೂ ಸೇರಿಸಿದ್ದರು. ಒಂದೇ ಸಾಲಿನಲ್ಲಿ. ಊರಿನವರಿಗೆ ನೋವಾದದ್ದು ಊಟ ಸಿಗಲಿಲ್ಲ ಎಂದಲ್ಲ, ಆ ಸಾಲಿಗೆ. ಅಪ್ಪ ಅಮ್ಮ ಮಾಡಿ ಬಡಿಸಿದ ಅಡುಗೆಯನ್ನು ಹೆಂಡ, ಬೀಡಿಯ ಪಕ್ಕ ಕೂರಿಸಿದರೆ ಯಾರಿಗೆ ಬೇಸರವಾಗುವುದಿಲ್ಲ? ದೊಡ್ಡ ಗಲಾಟೆಯಾಯಿತು. ಕೊನೆಯ ದಿನ ಊಟದ ಜೊತೆ ಮೊಟ್ಟೆ ಕೊಟ್ಟರು. ಮೊಟ್ಟೆ ತಿಂದು ಕನ್ನಡಕ್ಕೆ ಏನೂ ಆಗಲಿಲ್ಲ.

ನಾವಿರುವ ಈ ಬ್ರಿಟನ್ನಿನವರು ಇಂಥದ್ದರಿಂದ ಪಾರಾದವರೇನಲ್ಲ. 2013ರ ಜನವರಿ ನೆನಪಿದೆಯೇ? ದನದ ಮಾಂಸವೆಂದು ಮಾರುತ್ತಿದ್ದ ಬರ್ಗರುಗಳಲ್ಲಿ ಕುದುರೆ ಮಾಂಸ ಸಿಕ್ಕಿತು. ನನ್ನ ಆಫೀಸಿನಲ್ಲಿ ವಾರವಿಡೀ ಅದೇ ಮಾತು. ಮೋಸ ಮಾಡಿದರು ಎಂಬ ಸಿಟ್ಟು ಸರಿ. ಆದರೆ ಮುಖದಲ್ಲಿ ಕಾಣುತ್ತಿದ್ದದ್ದು ಸಿಟ್ಟಲ್ಲ, ಓಕರಿಕೆ. ದನ ತಿನ್ನುವವರಿಗೆ ಕುದುರೆ ಅಂದರೆ ವಾಕರಿಕೆ! ಇಂಗ್ಲಿಷ್ ಕಾಲುವೆ ದಾಟಿ ಫ್ರಾನ್ಸಿಗೆ ಹೋದರೆ ಕುದುರೆ ಮಾಂಸಕ್ಕೇ ಬೇರೆ ಅಂಗಡಿಗಳಿವೆ. ಯುರೋಪಿನಲ್ಲಿ ಈ ನಿಷೇಧದ ಒಂದು ಎಳೆ ಕ್ರಿ.ಶ. 732ರವರೆಗೂ ಹೋಗುತ್ತದೆ. ಆಗಿನ ಪೋಪ್ ಮೂರನೆಯ ಗ್ರೆಗರಿ ಜರ್ಮನ್ ಸೀಮೆಯಲ್ಲಿ ಧರ್ಮಪ್ರಚಾರ ಮಾಡುತ್ತಿದ್ದ ಬೋನಿಫೇಸ್‌ಗೆ ಕಾಗದ ಬರೆದು ಕುದುರೆ ತಿನ್ನುವುದನ್ನು ನಿಲ್ಲಿಸಲು ಹೇಳಿದ್ದರು. ಕಾಗದ ಯಾರಿಗೂ ನೆನಪಿಲ್ಲ. ಹೊಟ್ಟೆ ತೊಳಸುವುದು ಮಾತ್ರ ಇಂದಿಗೂ ಇದೆ. ನನ್ನ ಅಜ್ಜಿಯ ಸೆರಗಿನ ಹಾಗೆ.

ಮೂಗಿನ ಮಾತು ಬಂದಾಗ ಇನ್ನೊಂದನ್ನು ಹೇಳಲೇಬೇಕು. 2017ರಲ್ಲಿ ಕೆಂಟ್‌ನ ಒಬ್ಬ ಮನೆಮಾಲೀಕ, ನೂರಾರು ಬಾಡಿಗೆ ಮನೆಗಳ ಒಡೆಯ, ತನ್ನ ಏಜೆಂಟರಿಗೆ ಸೂಚನೆ ಕಳಿಸಿದ್ದ: ಬಣ್ಣದವರಿಗೆ, ಅಂದರೆ ಬಿಳಿಯರಲ್ಲದವರಿಗೆ, ಮನೆ ಕೊಡಬೇಡಿ, ಅವರು ಖಾಲಿ ಮಾಡಿದ ಮೇಲೂ "ಕರಿ"ಯ ಮಸಾಲೆ ವಾಸನೆ ಹೋಗುವುದಿಲ್ಲ. ಸಮಾನತೆ ಆಯೋಗ ಕೋರ್ಟಿಗೆ ಹೋಯಿತು. ಅದೇ ವರ್ಷದ ನವೆಂಬರಿನಲ್ಲಿ ಇದು ಕಾನೂನಿಗೆ ವಿರುದ್ಧ ಎಂದು ತೀರ್ಪಾಯಿತು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಆಗ ಬೆಂಕಿ ಹತ್ತಿಕೊಂಡಿತ್ತು. ನಾನೂ ಎರಡು ಖಾರದ ಸಾಲು ಹಾಕಿದ್ದೆ. ನಮ್ಮ ಒಗ್ಗರಣೆಯ ಬಗ್ಗೆ ಆಡಿಕೊಳ್ಳಲು ಇವನು ಯಾರು?

ಮೊನ್ನೆ ಸಭೆಯಿಂದ ಬಂದವಳು ಈ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ತೆಗೆದು ಕೂತೆ. ಕೊನೆಯ ಪುಟದ ಸಣ್ಣ ಜಾಹೀರಾತುಗಳು. "ಎರಡು ಕೋಣೆ ಬಾಡಿಗೆಗಿದೆ, ಸ್ಟೇಷನ್ನಿಗೆ ಹತ್ತಿರ, ಸಸ್ಯಾಹಾರಿ ಕುಟುಂಬಗಳಿಗೆ ಮಾತ್ರ." ಇಂಥವು ಒಂದಲ್ಲ, ಎರಡಲ್ಲ. ಎಲ್ಲವನ್ನೂ ಅಚ್ಚಿಗೆ ಕಳಿಸಿದವಳು ನಾನು. ಕೆಂಟ್‌ನವನು ಹೇಳಿದ ವಾಸನೆಯ ಮಾತನ್ನೇ ನಾವು ಕನ್ನಡದಲ್ಲಿ ಸ್ವಲ್ಪ ಮರ್ಯಾದೆಯಿಂದ ಹೇಳಿದ್ದೆವು. ಬೆಂಗಳೂರಿನ ಟು-ಲೆಟ್ ಬೋರ್ಡುಗಳನ್ನು ಓದಿ ಬೆಳೆದ ಕಣ್ಣಿಗೆ ಅದು ತಪ್ಪೆಂದು ಕಾಣಲೇ ಇಲ್ಲ.

ಅಡ್ಡಗೋಡೆಯ ಮೇಲೆ ದೀಪ ಇಡುವುದಿಲ್ಲ. ಒಂದೇ ಅಡುಗೆಮನೆ ಹಂಚಿಕೊಳ್ಳುವಾಗ "ಒಳಗೆ ಮಾಂಸ ಬೇಯಿಸಬೇಡಿ" ಎಂದು ಕೇಳುವುದು ನ್ಯಾಯವೇ. ನಾನೂ ಕೇಳುತ್ತೇನೆ. ಹುಟ್ಟಿನಿಂದ ಬಂದ ಹೇಸಿಗೆ ಲೇಖನ ಬರೆದ ಮಾತ್ರಕ್ಕೆ ಹೋಗುವುದಿಲ್ಲ. ನಾನು ಇವತ್ತಿಗೂ ತಿನ್ನುವುದಿಲ್ಲ, ತಿನ್ನುವ ಆಸೆಯೂ ಇಲ್ಲ. ಆದರೆ "ಬೇಯಿಸಬೇಡಿ" ಎನ್ನುವುದು ಪಾತ್ರೆಯ ಮಾತು. "ತಿನ್ನುವವರು ಬೇಡ" ಎನ್ನುವುದು ಮನುಷ್ಯರ ಮಾತು. ಮುಂದಿನ ಸಂಚಿಕೆಯಿಂದ ಎರಡನೆಯ ಬಗೆಯ ಜಾಹೀರಾತು ಇಲ್ಲಿ ಬರುವುದಿಲ್ಲ. ಸಂಪಾದಕಿಗೆ ಇರುವ ಅಧಿಕಾರ ಅಷ್ಟೇ, ಅದನ್ನಾದರೂ ಬಳಸುತ್ತೇನೆ.

ಇದು ಬರೀ ನಾಲಿಗೆಯ ವಿಷಯ ಎಂದು ಹೇಳುವವರಿಗೆ ಒಂದು ಪ್ರಶ್ನೆ. ಇಲ್ಲಿಗೆ ಬಂದ ಮೇಲೆ ಜಾತಿ ಯಾವುದು ಎಂದು ಯಾರೂ ನೇರ ಕೇಳುವುದಿಲ್ಲ, ಅಲ್ವಾ? ಕೇಳಿದರೆ ಚೆನ್ನಾಗಿರುವುದಿಲ್ಲ. ಅದಕ್ಕೆ "ಮೈಸೂರಲ್ಲಿ ಯಾವ ಕಡೆ?" ಎನ್ನುತ್ತೇವೆ. "ಮನೆದೇವ್ರು ಯಾವುದು?" ಎನ್ನುತ್ತೇವೆ. ಅಲ್ಲಿಗೂ ಗೊತ್ತಾಗದಿದ್ದರೆ "ನೀವು ತಿಂತೀರಾ?" ಮೂರು ಪ್ರಶ್ನೆಗೆ ಎಲ್ಲ ತಿಳಿದುಹೋಗುತ್ತದೆ. ಇಲ್ಲಿ ಜಾತಿ ಇಲ್ಲ ಎಂದು ಇದೇ ನಾವು ಪ್ರತಿ ವರ್ಷದ ಭಾಷಣದಲ್ಲಿ ಹೇಳುತ್ತೇವೆ. ಇಲ್ಲೇ, ಇಂಗ್ಲೆಂಡಿನಲ್ಲೇ, ಬಿಹಾರದ ಆದಿವಾಸಿ ಹೆಣ್ಣುಮಗಳೊಬ್ಬಳನ್ನು ಒಂದು ಭಾರತೀಯ ಕುಟುಂಬ ನಾಲ್ಕೂವರೆ ವರ್ಷ ಮನೆಗೆಲಸಕ್ಕೆ ಇಟ್ಟುಕೊಂಡು, ನೆಲದ ಮೇಲೆ ಮಲಗಿಸಿ, ಗಂಟೆಗೆ 11 ಪೆನ್ಸ್ ಲೆಕ್ಕದಲ್ಲಿ ದುಡಿಸಿತ್ತು. 2015ರಲ್ಲಿ ಉದ್ಯೋಗ ನ್ಯಾಯಮಂಡಳಿ ಅವಳಿಗೆ 1,80,000 ಪೌಂಡಿಗೂ ಜಾಸ್ತಿ ಕೊಡಿಸಿತು. ಸಮಾನತಾ ಕಾಯಿದೆಯಲ್ಲಿ ಜಾತಿ ಎಂಬ ಪದವನ್ನೇ ಸೇರಿಸಬೇಕು ಎಂದು 2013ರಲ್ಲಿ ಪಾರ್ಲಿಮೆಂಟ್ ಹೇಳಿತ್ತು. 2018ರಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು.

ಇಂಥ ಬರಹಕ್ಕೆ ಕೊನೆಯಲ್ಲೊಂದು ಬಸವಣ್ಣನ ವಚನ ಅಂಟಿಸುವುದು ವಾಡಿಕೆ. ನಾನು ಹಾಕುವುದಿಲ್ಲ. ಥೇಮ್ಸ್ ದಡದಲ್ಲಿ 2015ರಿಂದ ನಿಂತಿರುವ ಬಸವಣ್ಣನ ಪ್ರತಿಮೆಯ ಮುಂದೆ ನಾವೆಲ್ಲ ಫೋಟೋ ತೆಗೆಸಿಕೊಂಡಿದ್ದೇವೆ. ಸದ್ಯಕ್ಕೆ ಅದು ಸಾಕು.

ಎರಡನೆಯ ಸಭೆ ಹೋದ ಭಾನುವಾರ ನಡೆಯಿತು. "ಬಿಡಿ" ಎಂದವರಿಗೆ ನಾನೇ ಮೊದಲು ಫೋನ್ ಮಾಡಿ, ಮತ್ತೆ ಕೇಳಿ ಎಂದೆ. "ಬೇಡ ಮೇಡಂ, ಸುಮ್ನೆ ಯಾಕೆ" ಎಂದರು. ಕೊನೆಗೆ ವಿಷಯ ಎತ್ತಿದವಳು ನಾನಾದೆ. ಒಂದೂವರೆ ಗಂಟೆ ಮಾತಾಯಿತು. ಇಬ್ಬರು ಎದ್ದು ಹೋದರು. ಒಬ್ಬರು ವಾಪಸ್ ಬಂದರು, ಕಾರಿನ ಕೀ ಮರೆತಿದ್ದರು. ಇಷ್ಟು ವರ್ಷ ನಮ್ಮ ಕಾರ್ಯಕ್ರಮಕ್ಕೆ ಪುಳಿಯೋಗರೆ ಕಲಸಿ ಕೊಟ್ಟ ಹಿರಿಯರೊಬ್ಬರು ಆಗ ಬಾಯಿಬಿಟ್ಟರು. ಅವರ ಮನೆಯಲ್ಲಿ ಪ್ರತಿ ವರ್ಷ ಹೊಸತೊಡಕು ಆಗುತ್ತದಂತೆ. ಸಂಘದ ಯಾರನ್ನೂ ಕರೆದಿರಲಿಲ್ಲ, "ನೀವು ಏನಂದ್ಕೊಳ್ತೀರೋ ಅಂತ". ಅದನ್ನು ಕೇಳಿ ನಮಗೆ ತಲೆ ಎತ್ತಲಾಗಲಿಲ್ಲ.

ಹಾಗಾಗಿ ಈ ಸಲದ ಯುಗಾದಿಗೆ ಎರಡು ಟೇಬಲ್. ಒಂದರಲ್ಲಿ ಒಬ್ಬಟ್ಟು, ಮಾವಿನಕಾಯಿ ಚಿತ್ರಾನ್ನ, ಕೋಸಂಬರಿ. ಇನ್ನೊಂದರಲ್ಲಿ ಮುದ್ದೆ, ಕೋಳಿ ಸಾರು. ಸೌಟು ಬೇರೆ, ಬಡಿಸುವವರು ಬೇರೆ, ಚೀಟಿ ಅಂಟಿಸಿರುತ್ತೇವೆ. ಮುದ್ದೆ ತಿರುವಲು ಬರುವವರು ದಯವಿಟ್ಟು ಹೆಸರು ಕೊಡಿ, ಇಲ್ಲಿಯವರೆಗೆ ಇಬ್ಬರೇ ಸಿಕ್ಕಿದ್ದಾರೆ.

ಮೈಸೂರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಆ ಟೇಬಲ್ಲು ನಿಮ್ಮ ಟೇಬಲ್ಲಿಗೆ ಎಷ್ಟು ದೂರಾನೇ?" ಎಂದರು.

"ಹಾಲಿನ ಆ ಕೊನೆಗಮ್ಮ" ಎಂದೆ.

ಹಾಲು ಅಷ್ಟು ದೊಡ್ಡದೇನಿಲ್ಲ. ಎರಡು ಟೇಬಲ್ಲಿನ ನಡುವೆ ಒಂದು ಕುರ್ಚಿ ಹಿಡಿಸಬಹುದು.