ಮಾರ್ಚ್ 31ರಂದು ಹುಟ್ಟಿದ ಮಗಳಿಗೆ

ಕುಶಾಲನಗರ
ಮಾರ್ಚ್ 28

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ ಮಾತು ಮನಸ್ಸಿನಲ್ಲೇ ಉಳಿದಿದೆ. "ಅಪ್ಪಾ, ನಾನು ಹುಟ್ಟಿದ್ದು ಬ್ಯಾಂಕಿನವರು ಲೆಕ್ಕ ಮುಗಿಸೋ ದಿನ. ಅದಕ್ಕೆ ಬೇರೇನು ವಿಶೇಷ ಇದೆ?" ಅಂದೆ. ನಿನಗೆ ಹಾಗನ್ನಿಸಲು ನಾನೇ ಕಾರಣ. ನೀನು ಹುಟ್ಟಿದ ರಾತ್ರಿ ಕ್ಯಾಷ್‌ಬುಕ್ಕಿನಲ್ಲಿ 40 ರೂಪಾಯಿ ತಾಳೆಯಾಗದೆ ಕೂತಿದ್ದೆ. ಆಸ್ಪತ್ರೆಗೆ ಓಡಿ ಬರುವಾಗ ನೀನು ಹುಟ್ಟಿ ಮೂರು ಗಂಟೆಯಾಗಿತ್ತು. ಆಮೇಲೆ ಎಷ್ಟೋ ಹುಟ್ಟುಹಬ್ಬಗಳಲ್ಲಿ ನಾನು ಮನೆ ಸೇರುವ ಹೊತ್ತಿಗೆ ನಿನಗೆ ನಿದ್ದೆ ಬಂದಿರುತ್ತಿತ್ತು. ಆ ಬೇಸರ ಇವತ್ತಿಗೂ ಇದೆ.

ಆದರೆ ನಿನ್ನ ದಿನ ಬರೀ ಲೆಕ್ಕದ ದಿನ ಅಲ್ಲ, ಮಗಳೇ.

1906ರ ಮಾರ್ಚ್ 31ಕ್ಕೆ ನಮ್ಮ ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯ ಹುಟ್ಟಿದರು. ಅವರ ಮನೆ 'ಸನ್ನಿ ಸೈಡ್' ಈಗ ಮ್ಯೂಸಿಯಂ ಆಗಿದೆ. 1948ರ ನವೆಂಬರ್‌ನಲ್ಲಿ 11,000 ಅಡಿಗೂ ಮೇಲಿರುವ, ಕಾಶ್ಮೀರದಿಂದ ಲಡಾಖಿಗೆ ಹೋಗುವ ಜೋಜಿಲಾ ಕಣಿವೆದಾರಿಗೆ ಟ್ಯಾಂಕ್ ಹತ್ತಿಸಿದವರು ಅವರು. ಅಷ್ಟು ಎತ್ತರಕ್ಕೆ, ಹಿಮದಲ್ಲಿ, ಟ್ಯಾಂಕ್ ಬರಬಹುದು ಅಂತ ಎದುರಾಳಿಗಳು ಎಣಿಸಿಯೇ ಇರಲಿಲ್ಲ. ಲಡಾಖಿನ ದಾರಿ ತೆರೆದದ್ದು ಹಾಗೆ. 1965ರಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆ ನಡೆಸುತ್ತಿರುವಾಗಲೇ ತೀರಿಕೊಂಡರು.

ಈಗ 1959ಕ್ಕೆ ಬಾ. ತಿಮ್ಮಯ್ಯನವರೇ ಆಗ ನಮ್ಮ ಭೂಸೇನೆಯ ಮುಖ್ಯಸ್ಥರು. ಅವರಿಗೆ 53 ತುಂಬಿದ ದಿನವೇ, ಅಂದರೆ ಮಾರ್ಚ್ 31ರಂದೇ, ಟಿಬೆಟಿನ ಧರ್ಮಗುರು ದಲೈ ಲಾಮಾ ತವಾಂಗ್ ಕಡೆಯಿಂದ ಗಡಿ ದಾಟಿ ಭಾರತಕ್ಕೆ ಬಂದರು. ಅವರಿಗಿನ್ನೂ 23 ವರ್ಷ. ಎರಡು ವಾರದ ಹಿಂದೆ ರಾತ್ರಿ ಹೊತ್ತು ಸಿಪಾಯಿಯ ವೇಷದಲ್ಲಿ ಲಾಸಾ ಬಿಟ್ಟಿದ್ದರು. ಗಡಿ ಮುಟ್ಟುವಾಗ ಆಮಶಂಕೆಯಿಂದ ಸೋತುಹೋಗಿದ್ದರು. ಕುದುರೆ ಮೇಲೆ ಕೂರಲೂ ಆಗದೆ, ಯಾಕ್ ಜಾತಿಯ ಒಂದು ಸಾಧು ಪ್ರಾಣಿಯ ಬೆನ್ನ ಮೇಲೆ ಬಂದರು.

ಅದು ಎಲ್ಲೋ ದೂರದ ಕತೆ ಅನ್ನಿಸಬಹುದು. ಆದರೆ ಅವರ ಹಿಂದೆ ಬಂದ ಸಾವಿರಾರು ಜನರಲ್ಲಿ ಎಷ್ಟೋ ಮಂದಿ ಬಂದು ನೆಲೆಸಿದ್ದು ನಮ್ಮ ಕಾವೇರಿಯ ಆಚೆ ದಡದ ಬೈಲುಕುಪ್ಪೆಯಲ್ಲಿ. ಅದಾಗಲೇ ಅರವತ್ತು ವರ್ಷ ದಾಟಿತು. ಚಳಿ ನಾಡಿನವರು ಇಲ್ಲಿನ ಬಿಸಿಲಿನಲ್ಲಿ ಕಾಡು ಕಡಿದು ಮುಸುಕಿನ ಜೋಳ ಬೆಳೆದರು. ನೀನು ಚಿಕ್ಕವಳಿದ್ದಾಗ ಕ್ಯಾಂಪಿನಲ್ಲಿ ಒಬ್ಬ ಅಜ್ಜಿ ನಿನ್ನ ಕೈಗೆ ಪ್ರಾರ್ಥನಾ ಚಕ್ರ ಕೊಟ್ಟದ್ದು ನೆನಪಿದೆಯಾ? ನೀನು ಉಲ್ಟಾ ತಿರುಗಿಸಿದೆ. ಅಜ್ಜಿ ಬೈಯಲಿಲ್ಲ. ನಿನ್ನ ಮಣಿಕಟ್ಟು ಹಿಡಿದು ಮೆಲ್ಲಗೆ ಬಲಕ್ಕೆ ತಿರುಗಿಸಿ ತೋರಿಸಿದರು. ಆ ಕೈಯ ತುಂಬ ಸುಕ್ಕು. ಅಷ್ಟು ವಯಸ್ಸಿನವರು, ಅವರೂ ಬೆಟ್ಟ ದಾಟಿಯೇ ಬಂದಿರಬೇಕು. ಆವತ್ತು ಕೇಳಬೇಕಿತ್ತು, ಕೇಳಲಿಲ್ಲ.

ನರ್ಸಿಂಗ್ ಓದುವ ನಿನಗೆ ಇನ್ನೊಬ್ಬರ ಹೆಸರು ಹೇಳಲೇಬೇಕು. ಆನಂದಿಬಾಯಿ ಜೋಶಿ ಹುಟ್ಟಿದ್ದೂ ಮಾರ್ಚ್ 31ಕ್ಕೆ, 1865ರಲ್ಲಿ. 14ನೇ ವಯಸ್ಸಿಗೆ ತಾಯಿಯಾದರು. ಸರಿಯಾದ ಚಿಕಿತ್ಸೆ ಇಲ್ಲದೆ ಮಗು ಹತ್ತೇ ದಿನ ಬದುಕಿತು. ಆ ನೋವಿನಿಂದಲೇ ಡಾಕ್ಟರ್ ಆಗಲು ಹೊರಟು, ಅಮೆರಿಕಕ್ಕೆ ಹೋಗಿ, 1886ರಲ್ಲಿ ಪದವಿ ಪಡೆದರು. ಮರುವರ್ಷವೇ ಕ್ಷಯದಿಂದ ತೀರಿಕೊಂಡರು. 22 ಕೂಡ ತುಂಬಿರಲಿಲ್ಲ. ನಿನ್ನ ವಯಸ್ಸಿಗೆ ಎರಡೇ ವರ್ಷ ಜಾಸ್ತಿ, ಅಲ್ವಾ? ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಪ್ಯಾರಿಸ್ಸಿನ ಐಫೆಲ್ ಗೋಪುರದ ಮೇಲೆ ಮೊದಲು ಬಾವುಟ ಹಾರಿಸಿದ್ದೂ ಇದೇ ದಿನ, 1889ರಲ್ಲಿ.

ಇಲ್ಲಿ ಹೋದ ವಾರ ಹೂಮಳೆ ಚೆನ್ನಾಗಿ ಬಿತ್ತು. ಸುಂಟಿಕೊಪ್ಪದ ಕಡೆ ತೋಟಗಳೆಲ್ಲ ಬಿಳಿ ಬಿಳಿ. ಬಸ್ಸಿನ ಕಿಟಕಿ ತೆಗೆದರೆ ಸಾಕು, ಕಾಫಿ ಹೂವಿನ ಪರಿಮಳ. ನೀನು ಹುಟ್ಟಿದ ವಾರವೂ ಹೀಗೇ ಅರಳಿತ್ತು.

ಈ ಸಲ ಲೆಕ್ಕ ಮುಗಿಸುವ ಕೆಲಸ ಜೊತೆಯವರಿಗೆ ಒಪ್ಪಿಸಿದ್ದೇನೆ. 30ರ ರಾತ್ರಿ ಬಸ್ಸಿಗೆ ನಾನೂ ಅಮ್ಮನೂ ಹೊರಡುತ್ತೇವೆ. ನೀನು ಏಳುವಷ್ಟರಲ್ಲಿ ಹಾಸ್ಟೆಲಿನ ಗೇಟಿನ ಹತ್ತಿರ ಇರುತ್ತೇವೆ.

ನಿನ್ನ
ಅಪ್ಪ