ಎಡಗಡೆಯ ಕೋಲ್ಟ್ರೇನ್

ಹೋದ ಗುರುವಾರ ಆಡಿಯೋಗ್ರಾಮ್, ಅಂದರೆ ಕಿವಿ ಪರೀಕ್ಷೆಯ ವರದಿ, ಕೈಗೆ ಬಂತು. ಎಡಗಿವಿ ಪೂರ್ತಿ ಮೊದಲಿನಂತಾಗಿಲ್ಲ, ಆದರೆ ಜಾಸ್ತಿ ಪಾಲು ಮರಳಿದೆ. ಮನೆಗೆ ಬಂದವನೇ ಚಪ್ಪಲಿ ಬಿಟ್ಟು ಹೆಡ್‌ಫೋನ್ ಹಾಕಿಕೊಂಡೆ. ಮೈಲ್ಸ್ ಡೇವಿಸ್ ಅವರ ಜಾಝ್ ಆಲ್ಬಮ್ 'ಕೈಂಡ್ ಆಫ್ ಬ್ಲೂ' ಹಚ್ಚಿದೆ. ಸ್ಯಾಕ್ಸೊಫೋನ್ ನುಡಿಸುವ ಕೋಲ್ಟ್ರೇನ್ ಎಡಗಡೆ ಇದ್ದರು. ಅದಕ್ಕೇ, ಜೊತೆಗಿದ್ದವರಿಗೆಲ್ಲ ಥ್ಯಾಂಕ್ಸ್ ಹೇಳಲು ಈ ಬರಹ.

ಕೆಲವರಿಗೆ ಪೂರ್ತಿ ಕಥೆ ಗೊತ್ತಿಲ್ಲ. ಎಂಟು ತಿಂಗಳ ಹಿಂದೆ ಒಂದು ಬೆಳಿಗ್ಗೆ ಎದ್ದಾಗ ಎಡಗಿವಿ ಕೇಳುತ್ತಿರಲಿಲ್ಲ. ಒಳಗೆ ಮಾತ್ರ ದೂರದ ಕುಕ್ಕರ್ ಸೀಟಿಯಂಥ ಒಂದೇ ಸದ್ದು. ಮೊದಲು ತೋರಿಸಿದ ಕಡೆ ಗುಗ್ಗೆ ಕಟ್ಟಿದೆ ಎಂದು ಹನಿ ಔಷಧ ಕೊಟ್ಟು ಕಳಿಸಿದರು. ಸುಮ್ನೆ ಕೂರೋದು ಬೇಡ ಎಂದು ಹೆಂಡತಿ ಹಟ ಹಿಡಿದು ಐದನೇ ದಿನ ಇನ್ನೊಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಇಂಥ ದಿಢೀರ್ ಕಿವುಡಿಗೆ ಮೊದಲ ಎರಡು ವಾರ ಬಹಳ ಮುಖ್ಯ ಎಂದು ಅಲ್ಲಿ ತಿಳಿಯಿತು. ಅವತ್ತೇ ಸ್ಟೆರಾಯ್ಡ್ ಶುರುವಾಯಿತು. ಆಮೇಲೆ ಇಷ್ಟು ದಿನವೂ ಅವಳು ಊಟಕ್ಕೆ ಕೂತಿದ್ದು ನನ್ನ ಬಲಗಡೆಯೇ.

ಮೊದಲ ತಿಂಗಳು ಸಂಗೀತವನ್ನೇ ಬಿಟ್ಟಿದ್ದೆ. ಒಂದೇ ಸಲ 'ಕೈಂಡ್ ಆಫ್ ಬ್ಲೂ' ಹಾಕಿ ನೋಡಿದೆ. 1959ರಲ್ಲಿ ನ್ಯೂಯಾರ್ಕಿನಲ್ಲಿ, ಹಿಂದೆ ಚರ್ಚ್ ಆಗಿದ್ದ ಸ್ಟುಡಿಯೋದಲ್ಲಿ, ಎರಡೇ ದಿನ ಕೂತು ಮುಗಿಸಿದ ಆಲ್ಬಮ್. ಸ್ಟೀರಿಯೋದಲ್ಲಿ ಟ್ರಂಪೆಟ್ ನುಡಿಸುವ ಮೈಲ್ಸ್ ಡೇವಿಸ್ ನಡುವೆ, ಇನ್ನೊಬ್ಬ ಸ್ಯಾಕ್ಸೊಫೋನ್ ವಾದಕ ಕ್ಯಾನನ್‌ಬಾಲ್ ಆಡರ್ಲಿ ಬಲಕ್ಕೆ, ಜಾನ್ ಕೋಲ್ಟ್ರೇನ್ ಎಡಕ್ಕೆ. ಮೈಲ್ಸ್ ನುಡಿಸಿ ಮುಗಿಸಿದರು. ಕೋಲ್ಟ್ರೇನ್ ಬರಬೇಕಾದ ಜಾಗದಲ್ಲಿ ಪಕ್ಕದ ಮನೆಯಲ್ಲಿ ಯಾರೋ ಊದಿದ ಹಾಗೆ ತೆಳ್ಳನೆಯ ದನಿ. ತೆಗೆದಿಟ್ಟುಬಿಟ್ಟೆ.

ನಮ್ಮ ಭಾನುವಾರದ ಗೆಳೆಯರಿಗೆ ಇದನ್ನು ಹೇಳಿದೆ. ವಾರಕ್ಕೊಂದು ಆಲ್ಬಮ್ ಕೇಳಿ ಅನಿಸಿದ್ದನ್ನು ಒಬ್ಬರಿಗೊಬ್ಬರು ಬರೆದು ಕಳಿಸುವ ಐದು ಜನ ನಾವು. ಧಾರವಾಡದ ಗೆಳೆಯ ಅವತ್ತು ರಾತ್ರಿ ಕೋಲ್ಟ್ರೇನ್ ಒಬ್ಬರೇ ನುಡಿಸುವ ಆ ಒಂದು ಸೋಲೋ ಬಗ್ಗೆಯೇ ಎರಡು ಪುಟ ಬರೆದ. "ಮೈಲ್ಸ್ ಬಿಟ್ಟ ಖಾಲಿ ಜಾಗವನ್ನೆಲ್ಲ ಇವನು ತುಂಬುತ್ತಾ ಹೋಗುತ್ತಾನೆ. ಹೊಲಕ್ಕೆ ನೀರು ಬಿಟ್ಟಾಗ ಒಂದೊಂದೇ ಸಾಲು ತುಂಬಿದ ಹಾಗೆ." ಓದುತ್ತಾ ಓದುತ್ತಾ ನನಗೆ ಕೇಳಿಸಿತು. ಗೆಳೆಯಾ, ಆ ಎರಡು ಪುಟ ಇನ್ನೂ ನನ್ನ ದಿಂಬಿನ ಕೆಳಗಿವೆ.

ಅಕ್ಕನ ಮಗ ತನ್ನ ದೊಡ್ಡ ಸ್ಪೀಕರನ್ನೇ ಹೊತ್ತು ತಂದ. "ಮಾಮ, ಬೇಸ್‌ಗೆ ಕಿವಿ ಯಾಕೆ, ಕೈ ಇಡಿ ಇಲ್ಲಿ" ಅಂದ. ಎ ಟ್ರೈಬ್ ಕಾಲ್ಡ್ ಕ್ವೆಸ್ಟ್ ತಂಡದ 'ದಿ ಲೋ ಎಂಡ್ ಥಿಯರಿ', 1991ರದು. ಹೆಸರಿಗೆ ತಕ್ಕಂತೆ ತಗ್ಗಿನ ದನಿಗಳ ಆಲ್ಬಮ್. ಅದರಲ್ಲೊಂದು ಹಾಡಿಗೆ ರಾನ್ ಕಾರ್ಟರ್ ಬೇಸ್ ನುಡಿಸಿದ್ದಾರೆ, ಅರವತ್ತರ ದಶಕದಲ್ಲಿ ಮೈಲ್ಸ್ ಜೊತೆಗಿದ್ದ ಅದೇ ರಾನ್ ಕಾರ್ಟರ್. ಹಿಪ್-ಹಾಪ್ ಅಂದರೆ ಬರೀ ಮಾತು ಅಂದುಕೊಂಡಿದ್ದೆ. ಅಂಗೈಯಲ್ಲಿ ಅರ್ಥವಾಯಿತು.

ಅಮ್ಮನಿಗೂ ಒಂದು ಥ್ಯಾಂಕ್ಸ್. ಜಾಝ್ ಪಿಯಾನೋ ವಾದಕ ಹರ್ಬಿ ಹ್ಯಾನ್‌ಕಾಕ್ ಅವರ 'ಹೆಡ್ ಹಂಟರ್ಸ್' ಆಲ್ಬಮ್ ಹಾಕಿದ್ದೆ. 'ವಾಟರ್‌ಮೆಲನ್ ಮ್ಯಾನ್' ಶುರುವಿನಲ್ಲಿ ಬಿಲ್ ಸಮ್ಮರ್ಸ್ ಬಿಯರ್ ಬಾಟಲಿ ಊದುತ್ತಾರೆ, ಮಧ್ಯ ಆಫ್ರಿಕಾದ ಕೊಳಲೊಂದರ ರೀತಿಯಲ್ಲಿ. ಅಡುಗೆಮನೆಯಿಂದ ಅಮ್ಮ, "ಯಾರೋ ಊದುಗೊಳವೆ ಹಿಡ್ಕೊಂಡು ಒಲೆ ಊದ್ತಿದ್ದಾರಲ್ಲೋ" ಅಂದಳು. ಆ ಹಾಡಿನ ಬಗ್ಗೆ ಇಷ್ಟು ಸರಿಯಾದ ಮಾತು ನಾನು ಬೇರೆಲ್ಲೂ ಓದಿಲ್ಲ.

ಇನ್ನೊಬ್ಬರು ಕ್ಲೈಡ್ ಸ್ಟಬಲ್‌ಫೀಲ್ಡ್. ಫಂಕ್ ಗಾಯಕ ಜೇಮ್ಸ್ ಬ್ರೌನ್ ತಂಡದ ಡ್ರಮ್ಮರ್. 1969ರಲ್ಲಿ ರೆಕಾರ್ಡ್ ಆದ 'ಫಂಕಿ ಡ್ರಮ್ಮರ್'ನಲ್ಲಿ ಎಲ್ಲರೂ ಸುಮ್ಮನಾಗಿ ಅವರೊಬ್ಬರೇ ಬಾರಿಸುವ ಸುಮಾರು 20 ಸೆಕೆಂಡು ಇದೆ. ಒಂಟಿ ಕಿವಿಗೂ ಅದು ಚೂರೂ ಕಡಿಮೆಯಾಗಲಿಲ್ಲ. ನಿದ್ದೆ ಬಾರದ ರಾತ್ರಿ ಅದನ್ನೇ ಮತ್ತೆ ಮತ್ತೆ ಹಾಕುತ್ತಿದ್ದೆ. ಸಾವಿರಕ್ಕೂ ಹೆಚ್ಚು ಹಾಡುಗಳು ಆ ತಾಳವನ್ನು ಎತ್ತಿಕೊಂಡಿವೆ. ಹೆಚ್ಚಿನವುಗಳಿಂದ ಅವರಿಗೆ ದುಡ್ಡೂ ಬರಲಿಲ್ಲ, ಹೆಸರೂ ಸಿಗಲಿಲ್ಲ. 2017ರಲ್ಲಿ ತೀರಿಕೊಂಡರು. ನನ್ನ ಮಾತು ಅವರಿಗೆ ಮುಟ್ಟುವುದಿಲ್ಲ, ಆದರೂ ಬರೆಯದೆ ಇರಲಾರೆ.

ಗುರುವಾರ ಮೈಲ್ಸ್ ಮುಗಿಸಿದರು, ಕೋಲ್ಟ್ರೇನ್ ಶುರು ಮಾಡಿದರು. ಗೆಳೆಯ ಬರೆದ ಹಾಗೆಯೇ ಸಾಲು ಸಾಲಾಗಿ ನೀರು ತುಂಬುತ್ತಾ ಹೋಯಿತು. ಹೆಂಡತಿ ಬಂದು ಎಡಗಡೆ ಕೂತಳು.

ಈ ಭಾನುವಾರದ್ದನ್ನು ನಾನು ಆರಿಸಲಾ? ಕೋಲ್ಟ್ರೇನ್ ಅವರ 'ಎ ಲವ್ ಸುಪ್ರೀಮ್'. ಕೊನೆಯ ಭಾಗದಲ್ಲಿ ತಾವೇ ಬರೆದ ಪ್ರಾರ್ಥನೆಯನ್ನು ಅವರು ಪದಪದವಾಗಿ ಸ್ಯಾಕ್ಸೊಫೋನಿನಲ್ಲೇ ಓದುತ್ತಾರೆ. ಈ ಸಲ ಮೊದಲು ನಾನು ಬರೆದು ಕಳಿಸುತ್ತೇನೆ.