ಅಪ್ಪನಿಗೆ, ಇಲ್ಲಿನ ಚಿನ್ನದ ಗಣಿಯ ಸುದ್ದಿ

ಸ್ಯಾಕ್ರಮೆಂಟೊ, ಕ್ಯಾಲಿಫೋರ್ನಿಯಾ

ತೀರ್ಥರೂಪು ಅಪ್ಪನಿಗೆ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ.

ಮೊನ್ನೆ ರಜೆಯಲ್ಲಿ ಗ್ರಾಸ್ ವ್ಯಾಲಿ ಅನ್ನೋ ಊರಿಗೆ ಹೋಗಿದ್ದೆವು. ಅಲ್ಲಿ ಎಂಪೈರ್ ಮೈನ್ ಅಂತ ಚಿನ್ನದ ಗಣಿ ಇದೆ. 1850ರಲ್ಲಿ ಶುರುವಾಗಿ 1956ರಲ್ಲಿ ಮುಚ್ಚಿತು. ಸುರಂಗಗಳನ್ನೆಲ್ಲ ಸೇರಿಸಿದರೆ 367 ಮೈಲಿ ಆಗುತ್ತದಂತೆ. ಪಕ್ಕದಲ್ಲೇ ಮಾಲೀಕನ ಬಂಗಲೆ, ಹೂದೋಟ. ಗಣಿಯಿಂದ ತೆಗೆದು ಬಿಸಾಕಿದ ಕಲ್ಲಿನಲ್ಲೇ ಆ ಬಂಗಲೆ ಕಟ್ಟಿದ್ದಾರೆ. ನಿಮಗೆ ಕೆಜಿಎಫ್ ನೆನಪಾಗದೆ ಇರುತ್ತಿರಲಿಲ್ಲ.

ಇಲ್ಲಿ ಕೆಳಗಿಳಿದು ದುಡಿದವರಲ್ಲಿ ಜಾಸ್ತಿ ಜನ ಇಂಗ್ಲೆಂಡಿನ ಕಾರ್ನ್‌ವಾಲ್‌ನವರು. ಅವರ ಊರಿನ ತಾಮ್ರ, ತವರದ ಗಣಿಗಳು ಸೊರಗಿದಾಗ ಕಸುಬು ಹಿಡಿದುಕೊಂಡು ಲೋಕವೆಲ್ಲ ಅಲೆದರು. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಕೆಜಿಎಫ್‌ಗೆ ಕರೆಸಿಕೊಂಡದ್ದೂ ಇದೇ ಜನರನ್ನು! ಅಜ್ಜ ಹೇಳುತ್ತಿದ್ದ 'ದೊರೆ'ಗಳಲ್ಲಿ ಕೆಲವರಾದರೂ ಇವರ ಕಡೆಯವರೇ ಇರಬೇಕು. ಇಲ್ಲಿ ಕೂಲಿಗಳು, ನಮ್ಮಲ್ಲಿಗೆ ಬಂದ ಕೂಡಲೇ ದೊರೆಗಳು. ನೋಡಿ ಹೇಗಿದೆ! ಅವರ ಬುತ್ತಿ ಪ್ಯಾಸ್ಟಿ ಈಗಲೂ ಆ ಊರಿನಲ್ಲಿ ಸಿಗುತ್ತದೆ. ಅಂಚು ಮಡಚಿದ ದೊಡ್ಡ ಕರ್ಜಿಕಾಯಿ ಥರ, ಒಳಗೆ ಮಾಂಸ, ಆಲೂಗಡ್ಡೆ. ನಾವು ತರಕಾರಿಯದು ತಿಂದೆವು. ಉಪ್ಪು ಕಮ್ಮಿ.

ಚಿನ್ನ ಸಿಕ್ಕಿದ ಸುದ್ದಿ ಹರಡಿದಾಗ ಮೆಕ್ಸಿಕೊ, ಚಿಲಿ, ಚೀನಾದಿಂದೆಲ್ಲ ಜನ ಬಂದರು. 1850ರಲ್ಲಿ 'ವಿದೇಶಿ' ಗಣಿಗಾರರ ಮೇಲೆ ತಿಂಗಳಿಗೆ 20 ಡಾಲರ್ ತೆರಿಗೆ ಹಾಕಿದರು. ಹಾಕಿದವರೂ ನಿನ್ನೆ ಮೊನ್ನೆ ಬಂದವರೇ. ಆ ನೆಲದಲ್ಲಿ ಮೊದಲಿನಿಂದ ಇದ್ದ ನಿಸೆನಾನ್ ಜನರನ್ನು ಯಾರೂ ಕೇಳಲಿಲ್ಲ. ಅವರ ಊರುಗಳೇ ಹಾಳಾದವು.

ಮಾರನೇ ದಿನ ಡಾನರ್ ಬೆಟ್ಟದ ರೈಲ್ವೆ ಸುರಂಗ ನೋಡಿದೆವು. ಈಗ ರೈಲು ಓಡುವುದಿಲ್ಲ, ನಡೆದು ಹೋಗಬಹುದು. 1,659 ಅಡಿ ಉದ್ದ, ಪೂರ್ತಿ ಗ್ರಾನೈಟ್. 1866, 67ರಲ್ಲಿ ಚೀನೀ ಕೂಲಿಗಳು ಕೊರೆದದ್ದು. ಒಬ್ಬ ಉಳಿ ಹಿಡಿದು ತಿರುಗಿಸುತ್ತಿದ್ದ, ಇಬ್ಬರು ಸುತ್ತಿಗೆಯಿಂದ ಹೊಡೆಯುತ್ತಿದ್ದರು, ಆಮೇಲೆ ಮದ್ದು ತುಂಬಿ ಸಿಡಿಸುವುದು. ದಿನಕ್ಕೆ ಒಂದೆರಡು ಅಡಿ ಮುಂದೆ ಹೋದರೆ ಹೆಚ್ಚು. ಗೋಡೆಯಲ್ಲಿ ಉಳಿಯ ತೂತಿನ ಅರ್ಧ ಗುರುತುಗಳು ಇನ್ನೂ ಇವೆ, ಬೆರಳಿಟ್ಟು ನೋಡಿದೆ. ಚಳಿಗಾಲದಲ್ಲಿ ಹಿಮದೊಳಗೇ ದಾರಿ ಕೊರೆದು ಕೆಲಸಕ್ಕೆ ಹೋಗುತ್ತಿದ್ದರು. ಬಿಳಿ ಕೂಲಿಗಳಿಗೆ ಊಟ ಕಂಪನಿಯದು, ಇವರು ತಮ್ಮ ಸಂಬಳದಲ್ಲೇ ಉಣ್ಣಬೇಕು. 1867ರ ಜೂನ್‌ನಲ್ಲಿ ಸಾವಿರಾರು ಜನ ಮುಷ್ಕರ ಹೂಡಿದರು. ಕಂಪನಿ ಆಹಾರ ಸಾಗಣೆ ನಿಲ್ಲಿಸಿತು. ಒಂದು ವಾರದಲ್ಲಿ ಮುಷ್ಕರ ಮುರಿಯಿತು. 1869ರ ಮೇ 10ರಂದು ಅಮೆರಿಕದ ಪೂರ್ವ, ಪಶ್ಚಿಮದ ರೈಲು ಮಾರ್ಗಗಳನ್ನು ಜೋಡಿಸಿದ ಫೋಟೋ ಪ್ರಸಿದ್ಧ, ಅದರಲ್ಲಿ ಇವರ ಮುಖ ಹುಡುಕಿದರೂ ಕಷ್ಟ. 1882ರಲ್ಲಿ ಕಾನೂನು ತಂದು ಚೀನೀ ಕೂಲಿಗಳು ಬರುವುದನ್ನೇ ನಿಲ್ಲಿಸಿದರು. ಓದಿ ಸಿಟ್ಟು ಬಂತು ಅಪ್ಪ.

ಅಮ್ಮನಿಗೆ ಇದನ್ನು ಓದಿ ಹೇಳಿ. ಮಾಂಟಾನಾದಲ್ಲಿ ಮೇರಿ ಫೀಲ್ಡ್ಸ್ ಅಂತ ಒಬ್ಬ ಕಪ್ಪು ಹೆಂಗಸು ಇದ್ದರು. ಗುಲಾಮಗಿರಿಯಲ್ಲಿ ಹುಟ್ಟಿದವರು. 1895ರಲ್ಲಿ, ಅರವತ್ತು ದಾಟಿದ ಮೇಲೆ, ಟಪಾಲು ಗಾಡಿ ಓಡಿಸುವ ಗುತ್ತಿಗೆ ಹಿಡಿದರು. ಹಿಮದಲ್ಲಿ ಕುದುರೆ ಹೋಗದಿದ್ದರೆ ಚೀಲ ಹೊತ್ತು ನಡೆದೇ ಹೋಗುತ್ತಿದ್ದರಂತೆ. ನೀವು ಟಾಕೀಸಿನಲ್ಲಿ ನೋಡುತ್ತಿದ್ದ ಕೌಬಾಯ್ ಸಿನಿಮಾಗಳಲ್ಲಿ ಇಂಥವರು ಯಾರೂ ಇರಲಿಲ್ಲ ಅಲ್ವಾ?

ಒಂದು ಕೆಲಸ ಹೇಳುತ್ತೇನೆ. ಅಟ್ಟದ ಮೇಲಿನ ಟ್ರಂಕಿನಲ್ಲಿ ಅಜ್ಜನ ಗಣಿ ಕಾಲದ ಫೋಟೋಗಳಿವೆ. ಹಿಂದೆ ಹೆಸರು ಬರೆದಿದ್ದರೆ ಎರಡೂ ಕಡೆ ಫೋಟೋ ತೆಗೆದು ವಾಟ್ಸಾಪ್ ಮಾಡಿ. ಸುಮ್ನೆ ನೀವೇ ಏಣಿ ಹತ್ತಬೇಡಿ, ಪಕ್ಕದ ಮನೆ ಹುಡುಗನಿಗೆ ಹೇಳಿ.

ನಿಮ್ಮ ಮಗ